ತಾಟಿನ ಮೇಲೆ ಹಾಕಿಸಿದ ಹೆಸರು

ಜೋರಾಪುರ ಪೇಟೆಯ ಈರಯ್ಯ ಹಿರೇಮಠರ ಭಾಂಡೆ ಅಂಗಡಿಯಿಂದ ಹೆಸರಿಲ್ಲದ ಒಂದು ತಂಬಿಗೆಯೂ ಹೊರಗೆ ಹೋದದ್ದಿಲ್ಲ. ಕೊಡವೋ ಪರಾತವೋ ಡಬರಿಯೋ, ಏನೇ ಕೊಂಡರೂ ಗಿರಾಕಿ ಒಂದು ಚೀಟಿಯಲ್ಲಿ ಹೆಸರು ಬರೆದು ಕೊಡಬೇಕು. ಈರಯ್ಯ ಮೂಗಿನ ಮೇಲೆ ಕನ್ನಡಕ ಏರಿಸಿ, ಗುಂಯ್ ಎನ್ನುವ ಮಷಿನ್ನಿನ ಸೂಜಿ ಹಿಡಿದು, ‘ಇಂಥವರಿಗೆ ಇಂಥವರಿಂದ ಆಹೇರ’ ಎಂದು, ಬುಡಕ್ಕೆ ತಾರೀಖು ಸಮೇತ, ಮುತ್ತಿನಂಥ ಅಕ್ಷರದಲ್ಲಿ ಕೊರೆದು ಕೊಡಬೇಕು. ಆಹೇರವೆಂದರೆ ಮದುವೆ, ಬಸುರಿಯ ಕುಬಸ, ಮನೆಶಾಂತಿಗೆ ಮಂದಿ ಕೊಡುವ ಉಡುಗೊರೆ. ಕೊಟ್ಟವರ ಹೆಸರಿಲ್ಲದ ಆಹೇರವನ್ನು ಈ ಕಡೆ ಯಾರೂ ಕೊಡುವುದಿಲ್ಲ. ಕೊಟ್ಟದ್ದು ನಾಲ್ಕು ಮಂದಿಗೆ ಗೊತ್ತಾಗಬೇಡವೇ?

ಈರಯ್ಯನ ಹೆಂಡತಿ ಗುರುಬಸವ್ವನಿಗಂತೂ ಈ ಹೆಸರಿನ ಮೇಲೆ ದೇವರಷ್ಟೇ ನಂಬಿಕೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಮನೆಯ ಒಂದು ವಾಟಗವೂ ಕಳೆದಿಲ್ಲ. ಓಣಿಯವರು ಕಾರ್ಯಕ್ಕೆಂದು ಎರವಲು ಒಯ್ದ ಬೋಗುಣಿ ಹತ್ತು ಮನೆಯ ಬೋಗುಣಿಗಳ ನಡುವೆ ಬಿದ್ದಿದ್ದರೂ ಇವಳು ಹೋಗಿ, ಮಗುಚಿ, ಹೆಸರು ತೋರಿಸಿ, ಎತ್ತಿಕೊಂಡು ಬರುವವಳೇ. ಹೀಗಾಗಿ ಮಹಾನವಮಿಗೆ ಇನ್ನೂ ವಾರವಿದೆ ಎನ್ನುವಾಗ ಮಗ ಸಂಗನಬಸವ ಮಮದಾಪುರದ ನಾಟಕಕ್ಕೆ ಡ್ರಮ್ ಬಾರಿಸಲು ಹೋಗಿ, ತನ್ನದಲ್ಲದ ಸ್ಟ್ಯಾಂಡ್ ಹೊತ್ತು ಮನೆಗೆ ಬಂದಾಗ, ತಪ್ಪು ಯಾರದೆಂದು ಅವಳು ಕೇಳಬೇಕಾಗಿ ಬರಲಿಲ್ಲ.

“ನನ್ನ ಸ್ಟ್ಯಾಂಡ್ ಯಾರೋ ಒಯ್ದು ತಮ್ಮ ಮುರುಕು ಬಿಟ್ಟು ಹೋಗ್ಯಾರ ನೋಡ ಬೇ,” ಅಂದ ಸಂಗು.

“ನಿನ್ನ ಸಾಮಾನಿಗೆ ಹೆಸರಿಲ್ಲ, ಅಡ್ರೆಸ್ಸಿಲ್ಲ. ಒಯ್ಯಲಾರ್ದ ಏನ್ ಮಾಡ್ತಾರ?”

“ಡ್ರಮ್ ಸೆಟ್ಟಿಗೆ ಯಾರು ಹೆಸರು ಹಾಕ್ತಾರ? ಅದೇನು ತಂಬಿಗಿ ಏನು?”

ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಸೊಸೆ ರಾಜೇಶ್ವರಿ ತಲೆ ಎತ್ತದೆ ನಕ್ಕಳು. ಬಬಲೇಶ್ವರದ ಹೆಣ್ಣು, ಮಾತಿಗೆ ಬಡವಿಯಲ್ಲ. “ಹೆಸರು ಹಾಕಿಸಿದ್ರ ಅದನ್ನ ಪಡಸಾಲ್ಯಾಗಿಂದ ಎತ್ತಾಕ ಬರ್ತದೇನ್ರಿ ಅತ್ತಿ? ನನ್ನ ಹೊಲಿಗಿ ಮಷಿನ್ ಬಚ್ಚಲ ಬಾಗಲಕ್ಕ ಬಂದು ನಿಂತೈತಿ,” ಅಂದಳು.

ಮಾತು ಸುಳ್ಳಲ್ಲ. ಹತ್ತು ವರ್ಷದಿಂದ ಆ ಸೆಟ್ಟು ಪಡಸಾಲೆಯ ಅರ್ಧವನ್ನು ಆಳುತ್ತಿತ್ತು. ಹೊಟ್ಟೆಯೊಳಗೆ ಹಳೇ ದಿಂಬು ತುರುಕಿದ ಬೇಸ್ ಡ್ರಮ್ಮು, ಕಾಲಿನಿಂದ ತುಳಿದು ಬಾರಿಸುವ ಪೆಡಲ್ಲು, ಮೂರು ಟಾಮು, ಒಂದು ಸ್ನೇರು, ಇವುಗಳ ಮೇಲೆ ಛತ್ರಿ ಹಿಡಿದಂತೆ ನಾಲ್ಕು ಸಿಂಬಲ್ಲು. ಗುರುಬಸವ್ವನ ಬಾಯಲ್ಲಿ ಸಿಂಬಲ್ ಎಂಬ ಮಾತು ಹೊರಳಿದ್ದೇ ಇಲ್ಲ. ಅವು ಅವಳಿಗೆ ತಾಟುಗಳು: ಒಂದು ದೊಡ್ಡ ತಾಟು, ಒಂದು ನಡುವಿನ ತಾಟು, ಒಂದರ ಮೇಲೊಂದು ಕೂತು ಚಿಸ್ ಚಿಸ್ ಎನ್ನುವ ಜೋಡಿ ತಾಟು.

ಎರಡು ದಿನ ಬಿಟ್ಟು ಸಂಗು ತಾನು ಬಾರಿಸುವ ಮೆಹಬೂಬನ ಆರ್ಕೆಸ್ಟ್ರಾದ ಪ್ರಾಕ್ಟೀಸಿಗೆಂದು ಬರೀ ಕೋಲು ಹಿಡಿದು ತಿಕೋಟಾಕ್ಕೆ ಹೋದ. ರಾಜೇಶ್ವರಿ ಮಗಳು ಐಶ್ವರ್ಯಳನ್ನು ಕರೆದುಕೊಂಡು ತವರಿಗೆ ಹೋದಳು. ಮನೆಯಲ್ಲಿ ಯಾರೂ ಇಲ್ಲ. ಹಬ್ಬದ ಪಾತ್ರೆ ತಿಕ್ಕಿ ಮುಗಿದಿತ್ತು, ಗುರುಬಸವ್ವನ ಕೈ ಸುಮ್ಮನಿರಲಿಲ್ಲ. ನಾಲ್ಕು ತಾಟುಗಳನ್ನು ಚೀಲದಿಂದ ತೆಗೆದು, ಹಳೇ ಧೋತರದಲ್ಲಿ ಗಂಟು ಕಟ್ಟಿ, ಬಗಲಲ್ಲಿ ಇಟ್ಟುಕೊಂಡು ಅಂಗಡಿಗೆ ನಡೆದೇಬಿಟ್ಟಳು.

ಈರಯ್ಯ ದೊಡ್ಡ ತಾಟನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ, ಗೆಣ್ಣಿನಿಂದ ಒಂದು ಸಲ ತಟ್ಟಿದ. ಸಪ್ಪಳ ಎದ್ದು, ಅಂಗಡಿಯ ಕೊಡಪಾನಗಳಲ್ಲೆಲ್ಲ ಸುತ್ತಾಡಿ, ನಿಧಾನಕ್ಕೆ ಇಳಿಯಿತು. ಅದು ಪೂರ್ತಿ ಇಳಿಯುವ ತನಕ ಅವನು ಕಿವಿಗೊಟ್ಟು ಕೇಳಿದ.

“ಹಿತ್ತಾಳಿ ಅಲ್ಲ ಇದು, ಕಂಚು. ಚೊಲೋ ಕಂಚು,” ಅಂದ. “ಎಷ್ಟು ಕೊಟ್ಟು ತಂದಿದ್ನಂತ ಇದನ್ನ?”

“ಅವತ್ತ ಕೇಳಬೇಕಾಗಿತ್ತು ನೀವು. ಈಗ ಹೆಸರು ಹಾಕ್ರಿ. ಒತ್ತಬ್ಯಾಡ್ರಿ ಮತ್ತ, ಸೀಳೀತು.”

“ನನಗ ಕಲಸ್ತಿಯೇನು?” ಎಂದು ಈರಯ್ಯ ಸೂಜಿ ಹಿಡಿದ. ನಡುವಿನ ಗುಬ್ಬಿಯ ಪಕ್ಕದಲ್ಲಿ, ಏಟು ಬೀಳದ ಜಾಗ ನೋಡಿ, ಹಗುರವಾಗಿ ‘ಚಿ. ಸಂಗನಬಸವನಿಗೆ’ ಎಂದು ಕೊರೆದ. ಆಮೇಲೆ ಕನ್ನಡಕದ ಮೇಲಿಂದ ಹೆಂಡತಿಯನ್ನು ನೋಡಿ, ಮೂವತ್ತು-ನಲವತ್ತು ವರ್ಷದಿಂದ ಎಲ್ಲ ಗಿರಾಕಿಗಳಿಗೆ ಕೇಳುವ ಹಾಗೆಯೇ ಕೇಳಿದ: “ಯಾರಿಂದ ಅಂತ ಹಾಕ್ಲಿ?”

ಯಾರಿಂದಲೂ ಬೇಡ, ಬರೀ ಹೆಸರಿರಲಿ, ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಗುರುಬಸವ್ವನ ಬಾಯಿಂದ ಬಂದದ್ದೇ ಬೇರೆ.

“ತಂದಿ-ತಾಯಿಯಿಂದ ಅಂತ ಹಾಕ್ರಿ. ಮತ್ಯಾರಿಂದ?”

“ನಾವೆಲ್ಲಿ ಕೊಟ್ಟೇವಿ?”

“ಇರ್ಲಿ ಹಾಕ್ರಿ. ಅದನ್ನ ಯಾರು ಓದ್ತಾರ?”

ಈರಯ್ಯ ಒಂದು ಗಳಿಗೆ ಸೂಜಿಯನ್ನು ಗಾಳಿಯಲ್ಲೇ ಹಿಡಿದು ಕೂತ. ಆಮೇಲೆ ತಲೆ ತಗ್ಗಿಸಿ ನಾಲ್ಕಕ್ಕೂ ಹಾಕಿದ: ‘ತಂದೆ-ತಾಯಿಯಿಂದ ಆಹೇರ’. ಸಂಜೆಯೊಳಗೆ ತಾಟುಗಳು ತಮ್ಮ ಚೀಲದೊಳಗೆ ಮೊದಲಿನ ಹಾಗೇ ಕೂತಿದ್ದವು.

ಮಹಾನವಮಿಯ ದಿನ ಸಂಗು ಆ ಚೀಲವನ್ನು ಬಿಚ್ಚದೆ, ಮೇಲಿಂದಲೇ ವಿಭೂತಿ ಹಚ್ಚಿ ಪೂಜೆ ಮಾಡಿದ. ಅದರ ಮುಂದಿನ ಭಾನುವಾರ ತಿಕೋಟಾದಿಂದ ಧರ್ಮರಾಜ ಎಂಬವರು ಮನೆಗೆ ಬಂದರು. ಮೆರವಣಿಗೆಗೆ ಬಾರಿಸುವ ಬ್ಯಾಂಜೋ ಪಾರ್ಟಿ ಇಟ್ಟುಕೊಂಡವರು. ಗಿರಿಜಾ ಮೀಸೆ, ಬಿಳಿ ಅಂಗಿ, ಕುರ್ಚಿ ತುಂಬಿ ಕೂರುವ ಆಳು. ಮಗನ ಗೆಳೆಯರಾರೋ ಇರಬೇಕೆಂದು ಗುರುಬಸವ್ವ ಚಹಾಕ್ಕಿಟ್ಟಳು. ಪಡಸಾಲೆಯಿಂದ ಧಡ್ ಧಡ್ ಎಂದು ಡ್ರಮ್ಮು ತಟ್ಟಿ ನೋಡುವ ಸಪ್ಪಳ, ನಡುನಡುವೆ ಮಾತು.

“ಸ್ನೇರಿನ ಈ ಒಂದು ಸ್ಕ್ರೂ ಸಡಿಲ ಐತ್ರಿ, ಮುಚ್ಚಿಡೂದಿಲ್ಲ. ಚರ್ಮ ಹೋದ ವರ್ಷ ಹೊಸಾದು ಹಾಕೀನಿ. ಪೆಡಲ್ ಎಣ್ಣಿ ಕೇಳ್ತದ, ಅಷ್ಟ.”

“ಎಲ್ಲಾ ಕೂಡಿ ಒಂದ ರೇಟಲ್ರಿ? ತಾಟಿನ ಸಮೇತ?”

“ತಾಟಿನ ಸಮೇತ. ಅವಕ್ಕ ರೊಕ್ಕ ಇರೂದು.”

ಗುರುಬಸವ್ವ ಚಹಾ ಸೋಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಮಾರುತ್ತಿದ್ದಾನೆಯೇ? ಪಕ್ಕದಲ್ಲಿ ನಿಂತ ಸೊಸೆಯ ಮುಖ ನೋಡಿದಳು. ರಾಜೇಶ್ವರಿ ದನಿ ತಗ್ಗಿಸಿ, “ಅದನ್ನ ಕೊಟ್ಟು ಕರೆಂಟಿನ ಡ್ರಮ್ ಪ್ಯಾಡ್ ತಗೊಳ್ಳಾಕತ್ತಾರ್ರಿ ಅತ್ತಿ. ಮೆಹಬೂಬಣ್ಣಾರು ಖಡಕ್ ಹೇಳ್ಯಾರ. ತುಳಸಿ ಲಗ್ನ ಆದಮ್ಯಾಲೆ ಬಬಲೇಶ್ವರದಾಗ ಮದವಿ ಐತಿ, ಅಷ್ಟರೊಳಗ ಪ್ಯಾಡ್ ಇಲ್ಲಾಂದ್ರ ಇಂಡಿ ಕಡಿಂದ ಬ್ಯಾರೆ ಆಳು ತರ್ತಾರಂತ. ಒಮ್ಮಿ ಬ್ಯಾರೇದವ ಬಂದು ಕುಂತ ಅಂದ್ರ ಇವರ ಜಾಗಾ ಹೋತು,” ಅಂದಳು.

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀವು ಮಾವಾರಿಗೆ ಹೇಳ್ತೀರಿ. ಮಾವಾರು ‘ನಾ ಅವತ್ತ ಹೇಳಿದ್ದೆ’ ಅಂತಾರ. ಅದನ್ನ ಕೇಳಾಕ ಇವರಿಗೆ ಆಗಂಗಿಲ್ಲ.”

ಅಷ್ಟರಲ್ಲಿ ಪಡಸಾಲೆಯಲ್ಲಿ ಚೀಲದ ಜಿಪ್ಪು ಸರಿದ ಸಪ್ಪಳ. ಗುರುಬಸವ್ವ ಚಹಾದ ತಾಟು ಹಿಡಿದು ಹೊಸ್ತಿಲಿಗೆ ಬರುವುದಕ್ಕೂ, ಒಂದನೇ ಇಯತ್ತೆಯ ಐಶ್ವರ್ಯ ಅಪ್ಪನ ತೊಡೆಯ ಪಕ್ಕ ನುಗ್ಗುವುದಕ್ಕೂ ಸರಿಹೋಯಿತು. ಆ ಹುಡುಗಿಗೆ ಈಚೆಗೆ ಓದಲು ಬಂದಿತ್ತು. ಬಸ್ಸಿನ ಬೋರ್ಡು, ಬಿಸ್ಕೀಟಿನ ಪುಡಿಕೆ, ಸತ್ತವರ ಬ್ಯಾನರು, ಕಂಡದ್ದನ್ನೆಲ್ಲ ಓದುತ್ತಿದ್ದಳು.

“ಚಿ... ಸಂ-ಗ-ನ-ಬ-ಸ-ವ-ನಿ-ಗೆ,” ಎಂದು ಬೆರಳಿಟ್ಟು ಓದಿದಳು. “ತಂದೆ-ತಾ-ಯಿ-ಯಿಂ-ದ ಆ-ಹೇ-ರ. ಅಪ್ಪಾ, ನಿನ್ನ ಹೆಸರು!”

ಸಂಗು ತಾಟನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದ. ಇನ್ನೊಂದನ್ನು ತೆಗೆದ. ಮತ್ತೊಂದನ್ನು ತೆಗೆದ. ಧರ್ಮರಾಜರು ಕುರ್ಚಿಯಿಂದ ಎದ್ದು ಬಂದು ತಾವೂ ಓದಿಕೊಂಡರು. ಅವರ ಮುಖ ಗಂಭೀರವಾಯಿತು.

“ತಂದಿ-ತಾಯಿ ಕೊಟ್ಟ ಆಯೇರ ಮಾರ್ತೀರೇನ್ರಿ ತಮ್ಮಾ?”

“ಇಲ್ರಿ, ಇದು ಆಯೇರ ಅಲ್ಲ...”

“ಅಕ್ಷರ ಹೇಳಾಕತ್ತಾವಲ್ಲ. ನಾನೂ ಮಕ್ಕಳ ತಂದಿ ಅದೇನಿ. ಇನ್ನೊಬ್ಬರು ಮಗನಿಗಂತ ಕೊಟ್ಟದ್ದನ್ನ ಒಯ್ದು ನಮ್ಮ ಪಾರ್ಟ್ಯಾಗ ಬಾರಸಲೇನು? ಕೇಳಿದವರು ಏನಂದಾರು? ಡ್ರಮ್ಮಷ್ಟ ಕೊಡ್ರಿ, ಒಯ್ತೇನಿ. ತಾಟು ನನಗ ಬ್ಯಾಡ.” ಚಹಾ ಮಾತ್ರ ಪೂರ್ತಿ ಕುಡಿದು, ಗುರುಬಸವ್ವನಿಗೆ ಕೈ ಮುಗಿದು, “ಪುಣ್ಯವಂತರು ನೀವು, ಮಗನಿಗೆ ಇಂಥಾದ್ದು ಕೊಡ್ಸೀರಿ,” ಎಂದು ಹೊರಟುಹೋದರು.

ಆ ಮಾತು ಕೇಳಿ ಗುರುಬಸವ್ವನಿಗೆ ನೆಲ ಬಾಯಿ ಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು.

ಅಂಗಡಿ ಮುಚ್ಚಿ ಊಟಕ್ಕೆಂದು ಬಂದ ಈರಯ್ಯನನ್ನು ಸಂಗು ಚಪ್ಪಲಿ ಬಿಡುವ ಮೊದಲೇ ಹಿಡಿದ.

“ಯಾವಾಗ ಕೊಟ್ರಿ ನೀವು ಇದನ್ನ?”

ಈರಯ್ಯ ತಾಟನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. “ಸಪ್ಪಳ ಕೆಟ್ಟಿಲ್ಲ. ಬಡದು ನೋಡು,” ಅಂದ.

“ಸಪ್ಪಳದ ಮಾತಲ್ಲರಿ ಇದು! ಎರಡು ವರ್ಷ ಒಣದ್ರಾಕ್ಷಿ ಇಡೂ ಥಂಡಿ ಗೋಡೌನಿನ್ಯಾಗ ಪೆಟ್ಟಿಗಿ ಹೊತ್ತೀನಿ ನಾ. ಚಳಿ ಹತ್ತಿ ಬೆರಳು ಮಡಚಾಕ ಬರ್ತಿದ್ದಿಲ್ಲ. ಸೊಲ್ಲಾಪುರದಿಂದ ಇದನ್ನ ತಂದ ದಿನ ನೀವು ಏನಂದ್ರಿ? ‘ಅಯ್ಯನವರ ಮನ್ಯಾಗ ಹುಟ್ಟಿ ಮಂದಿ ಮದವ್ಯಾಗ ಬಡಕೋತ ಕುಂಡ್ರಾಂವ ಇದ್ದೀ, ಆ ಸಾಮಾನು ಹೊಸ್ತಿಲದ ಒಳಗ ಬರಬಾರ್ದು’ ಅಂದ್ರಿ. ಒಂದು ವರ್ಷ ಮೆಹಬೂಬನ ಮನ್ಯಾಗ ಇಟ್ಟಿದ್ದೆ. ಈಗ ಆಯೇರ ಅಂತ ಬರ್ಕೊಂತೀರಿ?”

ಈರಯ್ಯ ಕಂಬಕ್ಕೆ ಕೈಯೂರಿ ನಿಂತ. “ದಿನಾ ಬರೀತೇನಲ್ಲ, ಕೈ ತಾನ ಓಡ್ತು,” ಅಂದ.

ನಾನು ಹೇಳಿದ್ದು, ನಾನೇ ಹೇಳಿದ್ದು, ಎಂಬ ಮಾತು ಗುರುಬಸವ್ವನ ನಾಲಿಗೆಯ ತುದಿಗೆ ಬಂದಿತ್ತು. ಮಗನ ಕೆಂಪು ಕಣ್ಣು ನೋಡಿ ಅದು ಹಾಗೇ ಒಳಗೆ ಹೋಯಿತು. ಅಂದು ಮಾಡಿದ ಎಣಗಾಯಿ ಪಲ್ಯವನ್ನು ಯಾರೂ ಮುಟ್ಟಲಿಲ್ಲ.

ಆಮೇಲಿನ ಮೂರು ವಾರ ಆ ಮನೆಯಲ್ಲಿ ಮಾತಿಗೆ ಬರ ಬಂತು. ಸಂಗು ಮಧ್ಯಾಹ್ನ ಖಾನಾವಳಿಯಲ್ಲಿ ಉಣ್ಣತೊಡಗಿದ. ಮನೆಯಲ್ಲಿ ಉಂಡರೂ ತಾಯಿ ನೀಡಿದ್ದನ್ನು ಉಣ್ಣುತ್ತಿರಲಿಲ್ಲ. ರಾಜೇಶ್ವರಿ ತಾಟು ಒಯ್ದು ಕೊಟ್ಟರೆ ಉಂಡ, ಇಲ್ಲದಿದ್ದರೆ ಇಲ್ಲ. ದೀಪಾವಳಿಗೆ ಕರ್ಚಿಕಾಯಿ ಮಾಡಿದಾಗಲೂ ಒಂದನ್ನು ಮುರಿದು ಮಗಳ ಬಾಯಿಗಿಟ್ಟು ಎದ್ದು ಹೋದ. ಈರಯ್ಯ ಒಂದು ದಿನ, “ಪಾಲಿಶ್ ಚಕ್ರಕ್ಕ ಹಿಡದು ಅಕ್ಷರ ಅಳಸ್ತೀನಿ ತಗೊಂಡ ಬಾ,” ಎಂದು ನೋಡಿದ. “ಚಕ್ರಕ್ಕ ಹಿಡದ್ರ ಕಾಯ್ದು ತಗಡಾಗ್ತಾವ. ಕೈ ಹಚ್ಚಬ್ಯಾಡ್ರಿ,” ಎಂದ ಮಗ. ಅಪ್ಪ-ಮಗನ ನಡುವೆ ಆ ತಿಂಗಳಲ್ಲಿ ನಡೆದ ಉದ್ದನೆಯ ಮಾತು ಅದೇ.

ಇತ್ತ ತಾಟುಗಳನ್ನು ಕೊಳ್ಳುವವರು ಯಾರೂ ಸಿಗಲಿಲ್ಲ. ಓದಿದವರೆಲ್ಲ ಧರ್ಮರಾಜರ ಮಾತನ್ನೇ ಆಡಿದರು, ಒಬ್ಬನಂತೂ ಕಳವಿನ ಮಾಲೇ ಎಂದು ಕೇಳಿಬಿಟ್ಟ. ಬರೀ ಡ್ರಮ್ಮು ಮಾರಿದರೆ ಪ್ಯಾಡಿನ ಅರ್ಧವೂ ಬರುವುದಿಲ್ಲ. ಪ್ಯಾಡು ಇಲ್ಲದಿದ್ದರೆ ಬಬಲೇಶ್ವರದ ಮದುವೆ ಇಲ್ಲ, ಅದಿಲ್ಲದಿದ್ದರೆ ಮೆಹಬೂಬನ ಆರ್ಕೆಸ್ಟ್ರಾದಲ್ಲಿ ಮಗನ ಜಾಗವೇ ಇಲ್ಲ. ಇದೆಲ್ಲ ತನ್ನ ಒಂದು ಮಾತಿನಿಂದ ಆದದ್ದು, ಬೈಗುಳ ತಿನ್ನುತ್ತಿರುವವನು ಗಂಡ. ಒಂದು ರಾತ್ರಿ ಗುರುಬಸವ್ವ, “ನೀವರೆ ಯಾಕ ಸುಮ್ನ ಅನ್ನಿಸ್ಕೊಳ್ಳಾಕತ್ತೀರಿ?” ಎಂದು ಗಂಡನ ಮೇಲೆಯೇ ಹರಿಹಾಯ್ದಳು. “ನೀ ಹೇಳಿದ್ದಾದ್ರೂ ಬರದಾಂವ ನಾನ ಅಲ್ಲೇನು?” ಅಂದ ಈರಯ್ಯ.

ದೀಪಾವಳಿ ಕಳೆದ ಮಂಗಳವಾರ ಅವಳು ಡಬ್ಬಿಯಲ್ಲಿ ಕರ್ಚಿಕಾಯಿ ತುಂಬಿಕೊಂಡು ತಿಕೋಟಾದ ಬಸ್ಸು ಹತ್ತಿದಳು. ಮೆಹಬೂಬನ ಮನೆಯನ್ನು ಅವಳು ಹಿಂದೆಂದೂ ಕಂಡವಳಲ್ಲ. ಕೇಳುತ್ತ ಕೇಳುತ್ತ ಹೋದರೆ, ಅಂಗಳದಲ್ಲಿ ಒಣದ್ರಾಕ್ಷಿ ಆರಿಸುತ್ತ ಕೂತಿದ್ದವಳು ಮೆಹಬೂಬನ ತಾಯಿ ಮಾಬುಬಿ. ಹೆಸರು ಕೇಳಿದ್ದೇ ಕಂಬಳಿ ಹಾಸಿ, ನೀರು ಕೊಟ್ಟು, ಉಪಚಾರ ಮಾಡಿದಳು. ಗುರುಬಸವ್ವ ಸುತ್ತಿ ಬಳಸಿ ಮಾತಾಡುತ್ತಿದ್ದರೆ ಮಾಬುಬಿಗೆ ತಾಳ್ಮೆ ಸಾಲಲಿಲ್ಲ.

“ನನಗ ಎಲ್ಲಾ ಗೊತ್ತೈತ್ರಿ ಅಕ್ಕಾ. ಸಂಗು ಇಲ್ಲೇ ಕುಂತು ಅತ್ತಾನ,” ಎಂದಳು. “ಆ ಸಾಮಾನು ಒಂದು ವರ್ಷ ನಮ್ಮ ಈ ಪಡಸಾಲ್ಯಾಗ ಇತ್ತು. ಇಲಿ ಕಡೀಬಾರ್ದಂತ ನಾ ಅದಕ್ಕ ನನ್ನ ಕೌದಿ ಹೊಚ್ಚತಿದ್ದೆ. ನಾ ಹೆಸರು ಹಾಕಸ್ಲಿಲ್ರೀ.”

ಸಿಟ್ಟಿನಿಂದ ಆಡಿದ ಮಾತಲ್ಲ. ದ್ರಾಕ್ಷಿಯ ಕಡ್ಡಿ ತೆಗೆಯುತ್ತ, ತೆಗೆಯುತ್ತ ಆಡಿದ ಮಾತು. ಗುರುಬಸವ್ವ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. “ಖರೆ ಐತಿ ಯವ್ವಾ. ಹೆಸರು ಹಾಕೂದಿದ್ರ ನಿಂದ ಹಾಕಬೇಕಾಗಿತ್ತು,” ಅಂದಳು.

ಮೆಹಬೂಬ ಒಳಗಿಂದ ಬಂದು ಎದುರಿಗೆ ಕೂತ. ಅವನಿಗೂ ಹೇಳಿಕೊಳ್ಳುವುದಿತ್ತು.

“ನನ್ನ ತಪ್ಪ ತಿಳೀಬ್ಯಾಡ್ರಿ ಅವ್ವಾರ. ಈಗಿನ ಮದವಿ ಮಂದಿಗೆ ಹೊಸಾ ಹಾಡಿನ ಸಪ್ಪಳ ಬೇಕು. ಹಲಗಿ, ಢೋಲಕ್, ಕೈಚಪ್ಪಾಳಿ, ಎಲ್ಲಾ ಒಂದ ಪ್ಯಾಡಿನ್ಯಾಗ ಬರ್ತಾವ. ಸೆಟ್ಟು ಒಯ್ಯಾಕ ಟೆಂಪೋ ಬೇಕು, ಪ್ಯಾಡು ಬಸ್ಸಿನ್ಯಾಗ ತೊಡಿ ಮ್ಯಾಲ ಬರ್ತದ. ಆದ್ರ ಒಂದು ಮಾತು ಸಂಗುಗ ನಾ ಮೊದಲ ಹೇಳಿದ್ದೆ: ಡ್ರಮ್ ಮಾರು, ತಾಟು ಮಾರಬ್ಯಾಡ. ಪ್ಯಾಡಿನ್ಯಾಗ ತಾಟಿನ ಸಪ್ಪಳ ಚೊಲೋ ಬರಂಗಿಲ್ರಿ, ನಡುವ ಕತ್ತರಿಸಿದಂಗ ಆಗ್ತದ. ಪ್ಯಾಡ್ ನಡುವ, ಎರಡೂ ಕಡಿ ಖರೆ ತಾಟು ಇಟ್ಟು ಬಾರಿಸಿದ್ರ ಅದರ ಗಮ್ಮತ್ತ ಬ್ಯಾರೆ. ಅವನೂ ಒಪ್ತಾನ, ಆದ್ರ ತಾಟು ಮಾರಲಾರ್ದ ಪ್ಯಾಡ್ ಬರೂದಿಲ್ಲಲ್ಲ.”

ಬಸ್ಸಿನಲ್ಲಿ ಮರಳುವಾಗ ಗುರುಬಸವ್ವನ ಮನಸ್ಸು ಹಗುರಾಗಿರಲಿಲ್ಲ, ಆದರೆ ಮಾಡುವುದು ಏನೆಂದು ಗೊತ್ತಾಗಿತ್ತು.

ಮುಂದಿನ ಸೋಮವಾರ ಅವಳ ಬಿಶಿ ಎತ್ತುವ ಪಾಳಿ. ಓಣಿಯ ಹೆಂಗಸರು ತಿಂಗಳಿಗಿಷ್ಟೆಂದು ಕೂಡಿಸಿ ಒಬ್ಬೊಬ್ಬರಿಗೆ ಕೊಡುವ ದುಡ್ಡು ಅದು. ಅಂದು ಸಂಜೆ ದೀಪ ಹಚ್ಚಿದ ಮೇಲೆ, ಝುಣಕ, ರೊಟ್ಟಿ, ಹಸಿ ಉಳ್ಳಾಗಡ್ಡಿ ಇಟ್ಟು, ಎಲ್ಲರನ್ನೂ ಒಟ್ಟಿಗೆ ಊಟಕ್ಕೆ ಕರೆದಳು. ಸಂಗು ಏಳಲೊಲ್ಲ. “ಉಣಬ್ಯಾಡ, ಬಂದು ಕುಂಡ್ರು,” ಅಂದಳು ತಾಯಿ. ಆ ದನಿಗೆ ಅವನು ಬಂದು ಕೂತ.

“ಸಂಗ್ಯಾ, ನಿಮ್ಮಪ್ಪನ ಕೈ ತಾನ ಓಡ್ಲಿಲ್ಲ. ಅವರು ‘ಯಾರಿಂದ ಅಂತ ಹಾಕ್ಲಿ’ ಅಂತ ಕೇಳಿದ್ರು. ‘ನಾವೆಲ್ಲಿ ಕೊಟ್ಟೇವಿ’ ಅಂತನೂ ಅಂದ್ರು. ನಾನ ‘ಹಾಕ್ರಿ’ ಅಂದೆ. ಸುಳ್ಳು ಬರೆಸಿದಾಕಿ ನಾನು. ಬೈಯೂದಿದ್ರ ನನಗ ಬೈ.”

ಸಂಗು ತಾಯಿಯನ್ನೇ ನೋಡಿದ. “ಯಾಕ ಬೇ?” ಅಂದ. ಮೊದಲಿನ ಉರಿ ಅದರಲ್ಲಿರಲಿಲ್ಲ.

“ಮಂದಿ ಮನಿ ಮಕ್ಕಳಿಗೆ ದಿನಾ ಬರದು ಕೊಡ್ತೇವಿ. ನಮ್ಮ ಮಗನಿಗೆ ಒಂದೂ ಬರದಿಲ್ಲ ಅಂತ ಹೊಟ್ಟಿ ಉರೀತು. ಕೊಡಬೇಕಾದಾಗ ಕೊಡ್ಲಿಲ್ಲ, ಬರದ್ರ ಕೊಟ್ಟಂಗ ಆಗ್ತದ ಅಂತ ಅನ್ನಿಸ್ತು, ಹುಚ್ಚಿ ನಾ.” ಬಿಶಿಯ ಗಂಟನ್ನು ಅವನ ಊಟದ ತಾಟಿನ ಪಕ್ಕ ಇಟ್ಟಳು. “ಆ ತಾಟು ಮಾರಬ್ಯಾಡ. ಅವಕ್ಕ ಎಷ್ಟು ಬರ್ತಿತ್ತೋ ಅದು ಇಲ್ಲೈತಿ. ಉಳಿದದ್ದು ಅಂಗಡ್ಯಾಗಿಂದ ನಿಮ್ಮಪ್ಪ ಹಾಕ್ತಾರ.”

“ನನಗ ರೊಕ್ಕ ಬ್ಯಾಡ ಯವ್ವಾ. ನೀ ಹೇಳಿದಿಯಲ್ಲ, ಅಷ್ಟ ಸಾಕು.”

“ನಿಮಗ ಬ್ಯಾಡಾದ್ರ ನನಗ ಬೇಕ್ರಿ,” ಎಂದು ರಾಜೇಶ್ವರಿ ಗಂಟು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇಬಿಟ್ಟಳು. “ಹಿರೇರು ಸುಳ್ಳನ್ನ ಖರೆ ಮಾಡಾಕ ಬಂದಾರ, ಮಾಡ್ಲಿ ಬಿಡ್ರಿ. ನಾಳೆ ಡ್ರಮ್ ಒಯ್ರಿ ಅಂತ ಧರ್ಮರಾಜಣ್ಣಾರಿಗೆ ಫೋನ್ ಹಚ್ಚೂದು, ನಾಡದ ಸೊಲ್ಲಾಪುರಕ್ಕ ಹೋಗೂದು. ನನ್ನ ಮಷಿನ್ ಪಡಸಾಲಿಗೆ ಬರೂದು. ಈಗ ಉಣ್ರಿ ಎಲ್ಲಾರೂ, ಝುಣಕ ಆರಾಕತ್ತೈತಿ.”

ಮೊದಲು ನಕ್ಕವನು ಈರಯ್ಯ. ಸಂಗುವಿಗೂ ತಡೆಯಲಾಗಲಿಲ್ಲ. ತಾಯಿ ನೀಡಿದ ರೊಟ್ಟಿಯನ್ನು ಅವನು ಮುರಿದದ್ದು ನೋಡಿ ಗುರುಬಸವ್ವನಿಗೆ ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಇಟ್ಟ ಹಾಗಾಯಿತು.

ಸೊಲ್ಲಾಪುರದ ಅಂಗಡಿಯಲ್ಲಿ ಸಂಗು ಮೂರು ತಾಸು ಕೂತ. ಹೊಸ ಪ್ಯಾಡಿನಲ್ಲಿ ನೂರೆಂಟು ಸಪ್ಪಳ, ಬಣ್ಣಬಣ್ಣದ ದೀಪ. ಆದರೆ ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ ಅದು ಒಂದೇ ಸಮ ಕೂಗುತ್ತಿತ್ತು. ಕಡೆಗೆ ಒಬ್ಬರು ಬಳಸಿ ಬಿಟ್ಟಿದ್ದ ಹಳೆಯದೊಂದನ್ನು ಆರಿಸಿದ. ರಬ್ಬರು ಸ್ವಲ್ಪ ಸವೆದಿತ್ತು, ಆದರೂ ಬೆರಳಿನಲ್ಲಿ ಸವರಿದರೆ ಪಿಸುಗುಟ್ಟುತ್ತಿತ್ತು, ಕೋಲು ಬೀಸಿದರೆ ಗುಡುಗುತ್ತಿತ್ತು. ಮನೆಗೆ ತಂದ ದಿನ ಕಿವಿಗೆ ಹೆಡ್‌ಫೋನ್ ಏರಿಸಿ ಬಾರಿಸಿದಾಗ ಗುರುಬಸವ್ವನಿಗೆ ಕೇಳಿಸಿದ್ದು ಬರೀ ಟಪ್ ಟಪ್. “ಇದೇನ ಇದು, ರೊಟ್ಟಿ ಬಡದಂಗ?” ಎಂದಳು. ಮಗ ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟ. ಅವಳು ಬೆಚ್ಚಿ ಬಿದ್ದು, “ಯವ್ವಾ! ಇಡೀ ಮೆರವಣಿಗಿನ ಒಳಗ ಕುಂತೈತಲ್ಲೋ!” ಎಂದು ಕೂಗಿದಳು.

ಬಬಲೇಶ್ವರದ ಮದುವೆ ರಾಜೇಶ್ವರಿಯ ತವರಿನ ಓಣಿಯವರದೇ. ಅತ್ತೆ-ಮಾವಂದಿರಿಗೂ ಕರೆ ಇತ್ತು. ಹನ್ನೊಂದು ವರ್ಷದಲ್ಲಿ ಈರಯ್ಯ ಮಗ ಬಾರಿಸುವುದನ್ನು ಒಮ್ಮೆಯೂ ಕೂತು ಕೇಳಿದವನಲ್ಲ. ಮಗನ ಆರ್ಕೆಸ್ಟ್ರಾ ಇರುವ ಕಡೆ ಅಂಗಡಿಯ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಅಂದು ಮಾತ್ರ ಮುಂಜಾನೆಯೇ ಇಸ್ತ್ರಿಯ ಧೋತರ ಉಟ್ಟು, ಯಾರೂ ಕೇಳದಿದ್ದರೂ, “ಅಂಗಡಿ ಒಂದಿನ ಮುಚ್ಚಿದ್ರ ಏನ್ ಆಗ್ತದ?” ಎಂದು ತಾನೇ ಹೇಳಿದ.

ಅಕ್ಷತೆ ಬಿದ್ದ ಮೇಲೆ ಹಾಡು ಶುರುವಾಯಿತು. ನಡುವೆ ಪ್ಯಾಡು, ಎರಡೂ ಬದಿಗೆ ತಾಟು, ಹಿಂದೆ ಸಂಗು. ಮೊದಲ ಹಾಡಿಗೆ ಅವನ ಕೈ ಬಿಗಿದಿತ್ತು, ಎರಡು ಸಲ ತಪ್ಪಿತು. ಮೆಹಬೂಬ ಕೀಬೋರ್ಡಿನಿಂದ ತಿರುಗಿ ನೋಡಿದ. ಗುರುಬಸವ್ವ ಕುರ್ಚಿಯ ಅಂಚಿಗೆ ಬಂದು ಕೂತಳು. ಎರಡನೆಯ ಹಾಡು ಅರ್ಧಕ್ಕೆ ಬಂದಾಗ ಸಂಗು ದೊಡ್ಡ ತಾಟಿಗೆ ಕೋಲು ತಾಗಿಸಿದ. ಆ ನಾದ ಎದ್ದು ಪೆಂಡಾಲಿನ ತುದಿಯ ತನಕ ಹೋಯಿತು. ಮೆಹಬೂಬನ ಮುಖದಲ್ಲಿ ನಗೆ ಅರಳಿತು, ಸಂಗುವಿನ ಭುಜ ಸಡಿಲಾಯಿತು, ಮದುಮಗನ ಗೆಳೆಯರು ಕುಣಿಯಲು ಇಳಿದರು.

ಊಟದ ಮೊದಲ ಪಂಕ್ತಿಗೆ ಕರೆ ಬಂತು. ಯಾವ ಮದುವೆಯಲ್ಲೂ ಈರಯ್ಯ ಮೊದಲ ಪಂಕ್ತಿ ಬಿಟ್ಟವನಲ್ಲ. “ಏಳ್ರಿ, ಹೋಳಿಗಿ ಬಿಸಿ ಅದಾವ,” ಎಂದಳು ಗುರುಬಸವ್ವ.

“ಕುಂಡ್ರ ಸುಮ್ನ. ಕೇಳಗೊಡು,” ಅಂದ ಈರಯ್ಯ. ಮೂರು ಪಂಕ್ತಿ ಎದ್ದವು. ಅವನು ಏಳಲಿಲ್ಲ. ಹಾಡುಗಳೆಲ್ಲ ಮುಗಿದ ಮೇಲೆ ತಣ್ಣಗಾದ ಹೋಳಿಗೆಯನ್ನೇ ಉಂಡ. ಕೈ ತೊಳೆಯುವಲ್ಲಿ ಸಿಕ್ಕ ಮೆಹಬೂಬ, “ಸ್ವಾಮೇರ, ಮುಂದಿನ ತಿಂಗಳು ಇನ್ನೂ ನಾಕು ಮದವಿ ಬಂದಾವ್ರಿ, ಸಂಗು ಇರಾಕಬೇಕು ಮತ್ತ,” ಎಂದಾಗ, “ಅವಗ ಕೇಳಪಾ,” ಎಂದಷ್ಟೇ ಹೇಳಿದ. ಹೇಳುವಾಗ ಮೀಸೆಯಡಿ ನಗುತ್ತಿದ್ದ.

ಮರುದಿನ ಹತ್ತು ಗಂಟೆಗೆ ಗುರುಬಸವ್ವ ಅಂಗಡಿಗೆ ಗಂಡನ ಚಹಾ ತಂದು ಕೂತಿದ್ದಾಗ ಸಂಗು ಚೀಲ ಹೆಗಲಿಗೇರಿಸಿ ಬಂದ. ನಾಲ್ಕೂ ತಾಟುಗಳನ್ನು ಗಲ್ಲಾಪೆಟ್ಟಿಗೆಯ ಮುಂದೆ ಸಾಲಾಗಿ ಇಟ್ಟ. ಅಳಿಸಿರಿ ಎನ್ನಲು ಬಂದನೋ ಏನೋ ಎಂದುಕೊಂಡಳು ಅವಳು.

“ಯಪ್ಪಾ, ಆಯೇರದ ಭಾಂಡೆಕ್ಕೆಲ್ಲ ಹೆಸರಿನ ಬುಡಕ ತಾರೀಖು ಹಾಕ್ತೀರಿ. ಇವಕ್ಕ ಯಾಕ ಹಾಕಿಲ್ಲ?”

ಈರಯ್ಯ ತಲೆ ತಗ್ಗಿಸಿದ. “ಕೊಟ್ಟಿದ್ರ ತಾರೀಖು ಇರ್ತಿತ್ತಪಾ. ಏನಂತ ಹಾಕ್ಲಿ?”

“ಈಗ ಹಾಕ್ರಿ.”

“ಬಿಶಿ ಬಂದ ದಿನದ್ದ ಹಾಕ್ರಿ ಹಂಗಾದ್ರ,” ಎಂದಳು ಗುರುಬಸವ್ವ ಅವಸರದಿಂದ. “ಅವತ್ತ ಅಲ್ಲೇನು ಕೊಟ್ಟದ್ದು? ಸೋಮವಾರ ಇತ್ತು.”

“ಅದು ಬ್ಯಾಡ ಬೇ,” ಅಂದ ಸಂಗು. “ನಿನ್ನಿದು ಹಾಕ್ರಿ. ನಿನ್ನೆ ಬಂದು ಕುಂತು ಕೇಳಿದ್ರಲ್ಲ, ಅವತ್ತ ಕೊಟ್ಟಂಗ ನನಗ.”

ಈರಯ್ಯ ಮಷಿನ್ನಿನ ಬಟನ್ ಒತ್ತಿದ, ಮತ್ತೆ ಆರಿಸಿದ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ, “ಲೇ, ನಿನ್ನೆ ತಾರೀಖು ಎಷ್ಟ?” ಎಂದು ಹೆಂಡತಿಯ ಮೇಲೆ ರೇಗಿದ.

ಗುರುಬಸವ್ವ ನಗುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತು, ಒಂದೊಂದೇ ಅಂಕಿ ಬಿಡಿಸಿ ಗಟ್ಟಿಯಾಗಿ ಓದಿ ಹೇಳಿದಳು.